ಮೌಗ್ಲಿ ಸಿನಿಮಾ: ಕರಡಿ ಮೈಗೆ ಮನ್ಷ್ಯಾನ ಮುಖ

ನೆಟ್‌ಫ್ಲಿಕ್ಸ್‌ನಾಗ 2018ರ ಮೌಗ್ಲಿ ನೋಡಿದೆ ರೀ, ಮೋಷನ್ ಕ್ಯಾಪ್ಚರ್ (ನಟನ ಮೈ-ಮುಖಕ್ಕ ಚುಕ್ಕಿ ಅಂಟಿಸಿ, ಅವನ ಚಲನೆನ ಕಂಪ್ಯೂಟರ್‌ನಾಗಿನ ಪಾತ್ರಕ್ಕ ಕೂಡಸೋ ತಂತ್ರ) ಭಾರಿ ಐತಿ ಅಂತ ದೋಸ್ತರು ತಲಿ ತಿಂದಿದ್ರು. ಡೈರೆಕ್ಟರ್ ಆ್ಯಂಡಿ ಸರ್ಕಿಸ್, ಬಾಲೂ ಕರಡಿ ಪಾತ್ರಾನೂ ಅವಂದ. ಲಾರ್ಡ್ ಆಫ್ ದ ರಿಂಗ್ಸ್‌ನಾಗ ಗೊಲ್ಲಂ ಮಾಡಿದಾಂವ, ಪ್ಲಾನೆಟ್ ಆಫ್ ದ ಏಪ್ಸ್ ಸಿನಿಮಾದಾಗ ಸೀಸರ್ ಅನ್ನೋ ಚಿಂಪಾಂಜಿ ಮಾಡಿದಾಂವ, ಅವ್ನ ನಟನೆ ಬಗ್ಗೆ ಎರಡು ಮಾತಿಲ್ಲ ಬಿಡ್ರಿ. ಆದ್ರ ಚಿಂಪಾಂಜಿ ಮುಖ ಹೆಚ್ಚುಕಮ್ಮಿ ನಮ್ಮಂಗ ಇರ್ತೈತಿ, ನಟ ಹುಬ್ಬು ಗಂಟು ಹಾಕಿದ್ರ ಅಲ್ಲೂ ಸೀದಾ ಕುಂದರ್ತೈತಿ. ಹುಲಿ, ಕರಡಿಗೆ ಮೂತಿನ ಬ್ಯಾರೆ, ಅದಕ್ಕ ಇಲ್ಲಿ ನಟರ ಮುಖಾನ ಪ್ರಾಣಿ ಮುಖದಾಗ ಬೆರಸ್ಯಾರ, ಶೇರ್ ಖಾನ್ ಬಂದಾಗೆಲ್ಲ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಹುಲಿ ಮುಖವಾಡ ಹಾಕ್ಕೊಂಡು ನಿಂತಂಗ ಕಾಣ್ತೈತಿ.

ನಮ್ಮ ಬಳ್ಳಾರಿ ಕಡಿ ಮಂದಿಗಂತೂ ಈ ಬಾಲೂ ದಕ್ಕಂಗಿಲ್ಲ. ದರೋಜಿ ಕರಡಿಧಾಮದಾಗ ಮಧ್ಯಾಹ್ನದ ಮ್ಯಾಲೆ ವಾಚ್‌ಟವರ್ ಹತ್ತಿ ನೋಡ್ರಿ, ಬಂಡೆಗೆ ಹಚ್ಚಿದ ಬೆಲ್ಲ ನೆಕ್ಕಾಕ ಇಳಿದು ಬರ್ತಾವ, ಮುಂಗಾಲು ಒಳಗ ತಿರುವಿಕೊಂಡು ಆ ನಡಿಗಿ, ತುಟಿ ಉದ್ದಕ ಚಾಚಿ ಗೆದ್ದಲು ಹೀರೋ ಬಾಯಿ, ಯಾ ನಟನ ಮುಖಕ್ಕ ಎಷ್ಟು ಚುಕ್ಕಿ ಅಂಟಿಸಿದ್ರೂ ಅದು ಸಿಗಾಂಗಿಲ್ಲ, ಯಾಕಂದ್ರ ಮನ್ಷ್ಯಾರ ತುಟಿ ಅಷ್ಟು ಉದ್ದಕ ಚಾಚಂಗಿಲ್ಲ.

2016ರ ಜಂಗಲ್ ಬುಕ್‌ನಾಗ ಹೆಚ್ಚಿನ ಕೆಲಸ ಅನಿಮೇಟರ್‌ಗಳ ಕೈಯಾಗ ಆಗೇತಿ, ಅಲ್ಲಿ ಪ್ರಾಣಿ ಪ್ರಾಣಿನ ಅನಸ್ತೈತಿ, ನನಗ ಅದ ಪಾಡ. ಈ ಮೌಗ್ಲಿ ಸಿನಿಮಾದಾಗ ಧ್ವನಿ ಮಸ್ತ್, ಮೌಗ್ಲಿ ಪಾತ್ರದ ಹುಡುಗ ರೋಹನ್ ಚಂದ್ ಜೀವ ಕೊಟ್ಟು ಮಾಡ್ಯಾನ. ರಕ್ತ, ಸಾವು ಜಾಸ್ತಿ ಐತಿ, ಸಣ್ಣ ಮಕ್ಕಳಿಗೆ ಬ್ಯಾಡ. ಐದಕ್ಕ ಎರಡೂವರೆ, ಅದರಾಗ ಎರಡು ಆ ಹುಡುಗಂಗ.