ಮುಂಬೈ ಗೋರೆಗಾಂವ್ ಈಸ್ಟ್‌ನ ರುಗ್ಣ ಸಾಹಿತ್ಯ ಕೇಂದ್ರ: ಮನೇಲಿ ಪೇಶೆಂಟ್ ಇರೋರು ಒಮ್ಮೆ ಓದಿ

ಬೋರ್ಡಲ್ಲಿ ಸಾಹಿತ್ಯ ಅಂತ ಇದೆ ಅಂತ ಪುಸ್ತಕದ ಜಾಗ ಅಂದ್ಕೋಬೇಡಿ. ಮರಾಠಿಲಿ ಸಾಹಿತ್ಯ ಅಂದ್ರೆ ಸಾಮಾನು ಅಂತಲೂ ಅರ್ಥ, ಇಲ್ಲಿ ಸಿಗೋದು ಕಾಯಿಲೆಯವರಿಗೆ ಬೇಕಾದ ವ್ಹೀಲ್‌ಚೇರ್, ವಾಕರ್, ಕಮೋಡ್ ಚೇರ್, ಫೌಲರ್ ಬೆಡ್ (ತಲೆ, ಕಾಲಿನ ಕಡೆ ಎತ್ತರ ಮಾಡೋ ಮಂಚ), ಏರ್ ಬೆಡ್ (ಬೆನ್ನಲ್ಲಿ ಹುಣ್ಣಾಗದ ಹಾಗೆ ಪಂಪಲ್ಲಿ ಗಾಳಿ ತುಂಬೋ ಹಾಸಿಗೆ) ಇಂಥವು. ಸ್ಟೇಷನ್ ಕಡೆ ಒಂದು ಹಳೇ ಬಿಲ್ಡಿಂಗಿನ ಗ್ರೌಂಡ್ ಫ್ಲೋರಲ್ಲಿ ಎರಡು ರೂಮು, ಅಷ್ಟೇ.

ನಮ್ಮತ್ತೆ ಕುಂದಾಪುರದಿಂದ ಬಂದು 15 ದಿನ ಆಗಿತ್ತು, ಬಾತ್‌ರೂಮಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಆಪರೇಷನ್ ಆಗಿ ಡಿಸ್ಚಾರ್ಜ್ ದಿನ ಡಾಕ್ಟರು ಎತ್ತರ ಮಾಡೋ ಮಂಚ ಬೇಕು, 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಲ್ಲಿ ಹುಣ್ಣಾದ್ರೆ ಕಷ್ಟ ಅಂದ್ಬಿಟ್ರು. ಬಾಡಿಗೆ ಅಂಗಡಿಯೊಂದಕ್ಕೆ ಫೋನ್ ಮಾಡಿದ್ರೆ ಮೂರು ತಿಂಗಳ ಬಾಡಿಗೆ ಮೊದ್ಲೇ ಕೊಡಿ ಅಂದ್ರು. ಕೊಂಡ್ಕೊಳ್ಳೋಣ ಅಂದ್ರೆ ಆಮೇಲೆ ಅದನ್ನ ಇಡೋದೆಲ್ಲಿ, ನಮ್ದು ಒನ್ ಬಿಎಚ್‌ಕೆ, ಮುಂಬೈಲಿ ಯಾರ ಮನೇಲಿ ಜಾಗ ಇದೆ ಹೇಳಿ. ಆಗ ಪಕ್ಕದ ಮನೆ ಮರಾಠಿ ಆಂಟಿ ಈ ಜಾಗ ಹೇಳಿದ್ದು.

ಸಂಜೆ ಹೋದೆ. ರಿಟೈರ್ ಆಗಿರೋ ಕಾಕಾ ಒಬ್ರು ಕೂತಿದ್ರು, ಸಂಬಳ ಇಲ್ಲದೆ ಬರೋರು. ನನ್ನ ಮುಖ ನೋಡಿದ್ದೇ "ಘಾಬರೂ ನಕಾ" (ಗಾಬರಿ ಆಗ್ಬೇಡಿ) ಅಂತ ನೀರು ಕೊಟ್ರು. ಆಧಾರ್ ಝೆರಾಕ್ಸ್, ಡಾಕ್ಟರ್ ಚೀಟಿ, ವಾಪಸ್ ಕೊಡೋ ಡಿಪಾಸಿಟ್ಟು, ದಿನಕ್ಕೆ 10 ರೂಪಾಯಿ. ದೊಡ್ಡ ರಿಜಿಸ್ಟರಲ್ಲಿ ಕೈಯಲ್ಲೇ ಬರ್ಕೊಂಡ್ರು, ಆಮೇಲೆ ಸ್ಪ್ಯಾನರ್ ತಗೊಂಡು ವಾಕರಿನ ಒಂದೊಂದು ಬೋಲ್ಟೂ ತಿರುಗಿಸಿ ನೋಡಿ, ಸವೆದಿದ್ದ ಎರಡು ರಬ್ಬರ್ ಬುಷ್ ಕಿತ್ತು ಹೊಸದು ಹಾಕಿದ್ರು. ಅತ್ತೆ ಎಷ್ಟು ಎತ್ತರ ಅಂತ ಕೇಳಿ, ಕೈ ಕೆಳಗೆ ಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಹತ್ರ ಬರ್ಬೇಕು, ಇಲ್ಲಾಂದ್ರೆ ಬಗ್ಗಿ ನಡೀತಾರೆ ಅಂತ ನನ್ನನ್ನೇ ನಿಲ್ಲಿಸಿ ತೋರ್ಸಿದ್ರು. ಏರ್ ಬೆಡ್ ಮೇಲೆ ದಪ್ಪ ಹಾಸಿಗೆ ಹಾಸ್ಬೇಡಿ, ತೆಳ್ಳನೆ ಚಾದರ ಸಾಕು, ಅದರ ಗಾಳಿ ಗುಳ್ಳೆಗಳು ಒಂದಾದ್ಮೇಲೊಂದು ತುಂಬಿ ಇಳಿಯೋದು ಮೈಗೆ ತಾಗ್ಬೇಕು, ಪಂಪ್ ಆಫ್ ಮಾಡ್ಬೇಡಿ, ಹಾಗಂತ ಮಗ್ಗುಲು ಬದಲಿಸೋದು ಬಿಡ್ಬೇಡಿ ಅಂದ್ರು. ಇಷ್ಟೆಲ್ಲ ನಮಗೆ ಆಸ್ಪತ್ರೆಯಲ್ಲೂ ಯಾರೂ ಹೇಳಿರ್ಲಿಲ್ಲ, ಅತ್ತೆಗೆ ಮೂರು ತಿಂಗಳಲ್ಲಿ ಒಂದು ಹುಣ್ಣೂ ಆಗ್ಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ಸಂಜೆ 6ರಿಂದ 8 ಮಾತ್ರ ತೆರೆದಿರ್ತಾರೆ, ಭಾನುವಾರ ರಜೆ, ಟೆಂಪೋ ನಾವೇ ಮಾಡ್ಕೋಬೇಕು. ಫೌಲರ್ ಬೆಡ್ ನಮಗೆ ನಾಲ್ಕು ದಿನ ಕಾದ ಮೇಲೆ ಸಿಕ್ತು, ಆ ನಾಲ್ಕು ದಿನ ದಿಂಬು ಒಟ್ಟಿ ಒದ್ದಾಡಿದ್ವಿ. ಕಾರಣ ಕೇಳಿದ್ರೆ ಕಾಕಾ ರಿಜಿಸ್ಟರ್ ತಿರುಗಿಸಿ ತೋರ್ಸಿದ್ರು, ಕೆಂಪು ಇಂಕಲ್ಲಿ ಗೆರೆ ಎಳೆದ ಹೆಸರುಗಳು, ತಗೊಂಡು ಹೋದವರು ಪೇಶೆಂಟ್ ಹುಷಾರಾದ್ಮೇಲೂ ತಂದಿಲ್ಲ, ಕೆಲವರು ಫೋನೇ ಎತ್ತಲ್ಲ. ನೋಡಿ ತುಂಬಾ ಬೇಜಾರಾಯ್ತು. ಒಂದು ಮಂಚ ಯಾರದೋ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸೋಕೆ ನಿಂತಿದ್ರೆ ಇನ್ನೊಂದು ಮನೇಲಿ ವಯಸ್ಸಾದವರು ನೆಲದ ಮೇಲೆ ನರಳ್ತಿರ್ತಾರೆ. ದಯವಿಟ್ಟು ಕೆಲಸ ಮುಗಿದ ದಿನವೇ ಒರೆಸಿ ವಾಪಸ್ ಕೊಡಿ.

ದುಡ್ಡು ಕೊಡೋರಿಗೆ ಒಂದು ಮಾತು. ಮಹಾರಾಷ್ಟ್ರದಲ್ಲಿ ಇಂಥ ಟ್ರಸ್ಟುಗಳು 1950ರ ಪಬ್ಲಿಕ್ ಟ್ರಸ್ಟ್ ಕಾಯ್ದೆ ಪ್ರಕಾರ ಚ್ಯಾರಿಟಿ ಕಮಿಷನರ್ ಹತ್ರ ರಿಜಿಸ್ಟರ್ ಆಗಿರ್ಬೇಕು, ಎಲ್ಲೇ ಕೊಟ್ರೂ ರಸೀದಿ ಮೇಲೆ ಆ ನಂಬರ್ ನೋಡಿ. ಇವರಿಗೆ ಕೊಟ್ಟ ದಾನಕ್ಕೆ ಇನ್‌ಕಮ್ ಟ್ಯಾಕ್ಸಲ್ಲಿ ರಿಯಾಯ್ತಿ ಇದೆ, ಆದ್ರೆ 2000 ರೂಪಾಯಿಗಿಂತ ಜಾಸ್ತಿ ಕ್ಯಾಶ್ ಕೊಟ್ರೆ ಟ್ಯಾಕ್ಸಲ್ಲಿ ಲೆಕ್ಕಕ್ಕೆ ಬರಲ್ಲ, ಚೆಕ್ಕೋ ಯುಪಿಐನೋ ಮಾಡಿ. ದುಡ್ಡಿಗಿಂತ ನಿಮ್ಮ ಮಾಳಿಗೆ ಮೇಲೆ ಧೂಳು ತಿಂತಿರೋ ವಾಕರ್ ಕೊಟ್ರೆ ಅವರಿಗೆ ಇನ್ನೂ ಖುಷಿ.

ದೊಡ್ಡ ಸಂಸ್ಥೆಗಳಿಗೆ ನಾನೂ ಆನ್‌ಲೈನಲ್ಲಿ ಕೊಟ್ಟಿದ್ದೀನಿ, ಅವರ ಕೆಲಸ ಕಮ್ಮಿ ಅಂತ ಹೇಳ್ತಿಲ್ಲ. ಆದ್ರೆ ರಾತ್ರಿ ಎಂಟಕ್ಕೆ ಬಾಗಿಲು ಹಾಕೋ ಹೊತ್ತಲ್ಲಿ ಪಂಪ್ ಕೆಟ್ಟಿದೆ ಅಂತ ಫೋನ್ ಮಾಡಿದಾಗ ಮನೆಗೆ ಹೋಗೋದು ಬಿಟ್ಟು ಕೂತು, ಬೇರೆ ಪಂಪ್ ಕೈಗಿಟ್ಟು ಕಳ್ಸಿದ್ದು ಈ ಎರಡು ರೂಮಿನವರು.

ಮಂಚ ವಾಪಸ್ ಕೊಟ್ಟಾಗ ಇನ್ನೊಬ್ರು ಕಾಯ್ತಿದ್ರು, ನಮ್ಮ ಟೆಂಪೋದಿಂದ ಇಳಿಸದೆ ಹಾಗೇ ಅವರ ಮನೆಗೆ ಹೋಯ್ತು. ವಾಕರ್ ಇನ್ನೂ ನಮ್ಮಲ್ಲಿದೆ, ಅತ್ತೆ ಈಗ ಕೋಲಲ್ಲಿ ನಡೀತಾರೆ, ಶನಿವಾರ ಕೊಟ್ಟು ಬರ್ತೀನಿ, ಜೊತೆಗೆ ಮೂರನೇ ಮಹಡಿ ಶೆಟ್ರ ಮನೆ ಕಮೋಡ್ ಚೇರೂ ಹೋಗತ್ತೆ.