ಬಟ್ಟೆ ನೀಲಿಯಾಯ್ತು ಅಂತ ದುಡ್ಡು ಕೊಡಬೇಡಿ: ಪಿಸ್ತೂಲಿನ ತಾಮ್ರ ತೆಗೆಸುವವರಿಗೆ ಎಚ್ಚರಿಕೆ

ಪಿಸ್ತೂಲಿನ ಬ್ಯಾರಲ್‌ನಲ್ಲಿ ಗುಂಡಿನ ಕವಚದ ತಾಮ್ರ ಕೂತಿದೆ, ತೆಗೆದುಕೊಡ್ತೀನಿ ಅಂತ ಯಾರಾದರೂ ಹೇಳಿದರೆ ಮೊದಲು ಅವನ ಉಜ್ಜುವ ರಾಡಿನ ತುದಿ ನೋಡಿ. ಅಲ್ಲಿ ಹಿತ್ತಾಳೆ ಜ್ಯಾಗ್ (ಬಟ್ಟೆ ಸುತ್ತಿ ಒಳಗೆ ತಳ್ಳುವ ಮೊನೆ) ಇದ್ದರೆ ಮಾತು ಬೇಡ, ಪಿಸ್ತೂಲು ಎತ್ತಿಕೊಂಡು ಎದ್ದು ಬನ್ನಿ. ಯಾಕೆ ಅಂತ ಹೇಳ್ತೀನಿ. ಹೇಳದಿದ್ದರೆ ನನಗೆ ಹೊಟ್ಟೆಯುರಿ ಇಳಿಯುವುದಿಲ್ಲ.

ಕೈಲ್‌ಪೊಳ್ದ್ ಅಂದರೆ ಕೊಡಗಿನ ಆಯುಧ ಪೂಜೆಯ ಹಬ್ಬ ಹತ್ತಿರ ಬಂತೆಂದರೆ ಇಂಥವರಿಗೆ ಸುಗ್ಗಿ. ಮಳೆಗಾಲ ಪೂರ್ತಿ ಮೂಲೆಯಲ್ಲಿದ್ದ ಕೋವಿಗಳೆಲ್ಲ ಪೂಜೆಗೆ ಹೊರಗೆ ಬರಬೇಕು, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಬೇರೆ. ಗೋಣಿಕೊಪ್ಪ, ಪೊನ್ನಂಪೇಟೆ ಸುತ್ತ ನನಗೆ ಟೋಪಿ ಹಾಕಿದ ಮನುಷ್ಯನ ಓಡಾಟ. ಹೆಸರು ಹಾಕಲ್ಲ, ಕೆಲಸದ ರೀತಿ ಹೇಳಿದರೆ ಗುರುತು ಸಿಗುತ್ತದೆ.

ನಾನು ಕೊಟ್ಟದ್ದು .32 ಪಿಸ್ತೂಲು. ಸ್ಲೈಡ್ (ಮೇಲೆ ಹಿಂದಕ್ಕೆ ಜಾರುವ ಭಾಗ) ಬಿಚ್ಚಿದ, ಬ್ಯಾರಲ್ ಹೊರಗೆ ತೆಗೆದ, ಅಷ್ಟರವರೆಗೆ ಸರಿ. ಕಂಚಿನ ಬ್ರಷ್ಷಿಗೆ ಅಮೋನಿಯ ವಾಸನೆಯ ಸಾಲ್ವೆಂಟ್ (ತಾಮ್ರ ಕರಗಿಸುವ ದ್ರವ) ಅದ್ದಿ ನಾಲ್ಕು ಸಲ ಎಳೆದ. ಹಿತ್ತಾಳೆ ಜ್ಯಾಗಿಗೆ ಬಿಳಿ ಬಟ್ಟೆ ಸುತ್ತಿ ತಳ್ಳಿದ. ಬಟ್ಟೆ ನೀಲಿ. "ನೋಡಿ ಸಾರ್, ಎಷ್ಟು ತಾಮ್ರ!" ಇನ್ನೊಂದು ಬಟ್ಟೆ, ಮತ್ತೆ ನೀಲಿ. ಒಂದೊಂದು ಸಲಕ್ಕೂ ಬೇರೆ ಬೇರೆ ರೇಟು. ನೀಲಿ ಹೋಗುವವರೆಗೆ ಮಾಡಲೇಬೇಕು ಅಂತ ವರಾತ.

ಆ ನೀಲಿ ಎಲ್ಲಿಂದ ಬಂತು ಗೊತ್ತೇ? ಅವನ ಜ್ಯಾಗಿನಿಂದ! ಹಿತ್ತಾಳೆಯಲ್ಲಿ ಇರುವುದೇ ತಾಮ್ರ ಮತ್ತು ಸತು. ಕಂಚಿನ ಬ್ರಷ್ಷಿನ ಎಳೆಯಲ್ಲೂ ತಾಮ್ರ. ಅಮೋನಿಯ ಯಾವ ತಾಮ್ರ ಸಿಕ್ಕಿದರೂ ಕರಗಿಸಿ ನೀಲಿ ಮಾಡುತ್ತದೆ. ಬ್ಯಾರಲ್ ತಾಮ್ರ, ಜ್ಯಾಗ್ ತಾಮ್ರ ಅಂತ ಅದಕ್ಕೆ ಭೇದವಿಲ್ಲ. ಹೊಚ್ಚ ಹೊಸ ಬ್ಯಾರಲ್‌ಗೆ ಹಾಗೆ ತಳ್ಳಿದರೂ ಬಟ್ಟೆ ನೀಲಿಯೇ ಬರುತ್ತದೆ. ಅಂದರೆ ಈ ಆಟಕ್ಕೆ ಕೊನೆಯೇ ಇಲ್ಲ, ಅವನ ಬಿಲ್ಲಿಗೂ ಇಲ್ಲ. ನಂಬಿಕೆ ಬಾರದಿದ್ದರೆ ಅವನ ಎದುರಿಗೇ ಬಿಳಿ ಬಟ್ಟೆ ಮೇಲೆ ಜ್ಯಾಗ್ ಇಟ್ಟು ಒಂದು ತೊಟ್ಟು ಸಾಲ್ವೆಂಟ್ ಹಾಕಿ, ಸ್ವಲ್ಪ ಹೊತ್ತು ಬಿಡಿ. ಬ್ಯಾರಲ್ ಹತ್ತಿರವೂ ಹೋಗಬೇಡಿ. ಜ್ಯಾಗಿನ ಕೆಳಗೆ ನೀಲಿ ಉಂಗುರ ಮೂಡುತ್ತದೆ. ಹಾಗೆ ಮಾಡಿ ತೋರಿಸಿದಾಗ ಆತನ ಉತ್ತರ: "ಅದು ನಿಮ್ಮ ಬ್ಯಾರಲ್‌ನಿಂದ ಜ್ಯಾಗಿಗೆ ಅಂಟಿದ್ದು." ಇದಕ್ಕೇನು ಹೇಳುತ್ತೀರಿ!

ಇಷ್ಟಕ್ಕೇ ನಿಂತಿದ್ದರೆ ದುಡ್ಡು ಹೋಯ್ತು ಅಂತ ಬಿಡಬಹುದಿತ್ತು. "ಇದು ಹಟಮಾರಿ ತಾಮ್ರ, ಬೇರೆ ಮದ್ದು ಮಾಡಬೇಕು" ಅಂತ ಬ್ಯಾರಲ್ ಒಳಗಿನ ಕೋಣೆಗೆ ಒಯ್ದ. ವಾಪಸ್ ಬಂದಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆ ಹೊಳಪಿಗೆ ಮರುಳಾಗಬೇಡಿ. ಚೇಂಬರ್ (ತೋಟಾ ಕೂರುವ ಹಿಂಬದಿ) ಕಡೆಯಿಂದ ಸಣ್ಣ ಟಾರ್ಚ್ ಬಿಟ್ಟು ಬ್ಯಾರಲ್ ನಿಧಾನ ತಿರುಗಿಸಿ ನೋಡಿ. ಗುಂಡನ್ನು ತಿರುಗಿಸಲು ಒಳಗೆ ಕೊರೆದ ಸುರುಳಿ ಗಾಡಿ ರೈಫ್ಲಿಂಗ್, ಗಾಡಿಗಳ ನಡುವಿನ ಉಬ್ಬು ಲ್ಯಾಂಡ್. ಆ ಲ್ಯಾಂಡುಗಳ ಅಂಚು ಚೂಪಾಗಿ, ನೆರಳು ಗೆರೆ ಕೊಯ್ದಂತೆ ಕಾಣಬೇಕು. ಇಲ್ಲಿ ಅಂಚು ಮೊಂಡಾಗಿ ನೆರಳೇ ಬೀಳುತ್ತಿರಲಿಲ್ಲ. ಜೊತೆಗೆ ಅಡ್ಡಗೀರು, ಸುತ್ತಲೂ, ಬಳೆ ಬಳೆಯಾಗಿ. ಕೈಯಲ್ಲಿ ರಾಡ್ ಹಿಡಿದು ಉಜ್ಜಿದರೆ ಗೀರು ಉದ್ದಕ್ಕೆ ಬೀಳುತ್ತದೆ. ಬಳೆಯ ಹಾಗೆ, ಅದೂ ಮೊಂಡಾದ ಅಂಚಿನ ಜೊತೆ ಬಿದ್ದಿದೆ ಅಂದರೆ ಡ್ರಿಲ್ಲಿಗೆ ಎಮರಿ ಕಾಗದ ಸುತ್ತಿ ತಿರುಗಿಸಿದ್ದು, ಬೇರೆ ಮಾತೇ ಇಲ್ಲ.

ಲ್ಯಾಂಡಿನ ಎತ್ತರ ಇರುವುದೇ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದನ್ನು ಎಮರಿಯಲ್ಲಿ ತೀಡಿದರೆ ಇನ್ನೇನು ಉಳಿಯುತ್ತದೆ? ಮೆತ್ತನೆಯ ಸೀಸದ ಗುಂಡಿಗೆ ಎಣ್ಣೆ ಹಚ್ಚಿ ತಳ್ಳಿ ನೋಡಿದರೆ ಚೇಂಬರ್ ಕಡೆ ಬಿಗಿ, ಬಾಯಿ ಹತ್ತಿರ ಸಡಿಲ. ಕ್ರೌನ್, ಅಂದರೆ ಬ್ಯಾರಲ್ ಬಾಯಿಯ ಅಂಚು ಕೂಡ ಒಂದು ಕಡೆ ಸವೆದಿದೆ. ಗುಂಡು ಕೊನೆಯದಾಗಿ ಬಿಟ್ಟು ಹೋಗುವುದು ಆ ಅಂಚನ್ನು. ಅದು ಸಮ ಇಲ್ಲದಿದ್ದರೆ ಗುರಿ ಮರೆತುಬಿಡಿ. ಇನ್ನೂ ಹೊಟ್ಟೆ ಉರಿಸುವ ಸಂಗತಿ, ಈ ಅಡ್ಡಗೀರುಗಳು ಅರದ ಹಾಗೆ ಗುಂಡಿನ ತಾಮ್ರದ ಕವಚವನ್ನು ಕೆರೆಯುತ್ತವೆ. ಇನ್ನು ಮುಂದೆ ತಾಮ್ರ ಮೊದಲಿಗಿಂತ ಬೇಗ ಕೂರುತ್ತದೆ. ತೆಗೆಯಲು ಕೊಟ್ಟದ್ದಕ್ಕೆ ಜಾಸ್ತಿ ಕೂರುವ ಹಾಗೆ ಮಾಡಿಕೊಟ್ಟ!

ಕೇಳಿದ್ದಕ್ಕೆ ಬಂದ ಉತ್ತರಗಳು ಒಂದಕ್ಕಿಂತ ಒಂದು ಚೆಂದ. "ಹೊಳೀತಿದೆಯಲ್ಲ, ಇನ್ನೇನು ಬೇಕು?" ಆಮೇಲೆ, "ಹಳೇ ಬ್ಯಾರಲ್, ಮೊದಲೇ ಸವೆದಿತ್ತು." ಆಮೇಲೆ, "ನಿಮ್ಮ ಕೊಡಗಿನ ಮಳೆ ಸಾರ್, ನಾನೇನು ಮಾಡಲಿ?" ಮಳೆಗೆ ತುಕ್ಕು ಹಿಡಿಯುತ್ತದೆ, ಒಪ್ಪಿದೆ. ತುಕ್ಕು ಕೊರೆದ ಗುಳಿಯಲ್ಲಿ ತಾಮ್ರ ಹೆಚ್ಚು ಕಚ್ಚುತ್ತದೆ, ಅದೂ ನಿಜ. ಆದರೆ ಮಳೆ ಬಳೆಯಾಕಾರದ ಗೀರು ಹಾಕುತ್ತದೆಯೇ? ಕೊನೆಗೆ ಸಣ್ಣ ದನಿಯಲ್ಲಿ, "ಹೊಸ ಬ್ಯಾರಲ್ ಹಾಕಿಸೋಣ, ನನ್ನ ಹತ್ತಿರ ವ್ಯವಸ್ಥೆ ಇದೆ." ಇದನ್ನು ಮಾತ್ರ ಯಾರೂ ಒಪ್ಪಬೇಡಿ. ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಆಯುಧವೇ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಅದು ಇಟ್ಟುಕೊಳ್ಳುವವರಿಗೆ. ರಿಪೇರಿ ಅಂಗಡಿ ಇಡುವವನಿಗೆ 1959ರ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ರಸೀದಿ ಕೇಳಿದರೆ "ಕ್ಲೀನಿಂಗಿಗೆಲ್ಲ ಯಾಕೆ ರಸೀದಿ" ಅನ್ನುತ್ತಾನಲ್ಲ, ಅಲ್ಲೇ ಗೊತ್ತಾಗುತ್ತದೆ.

ಇದೇ ಮನುಷ್ಯ ತೋಟಾ ಕೋವಿಗೂ ತಾಮ್ರ ತೆಗೆದೆ ಅಂತ ದುಡ್ಡು ವಸೂಲಿ ಮಾಡಿದ್ದಾನಂತೆ. ತೋಟಾದೊಳಗೆ ಇರುವುದು ಸೀಸದ ಚರೆ, ಅಲ್ಲಿ ತಾಮ್ರ ಎಲ್ಲಿಂದ ಬರಬೇಕು? ಬರೀ ಸೀಸದ ಗುಂಡು ಹಾಕುವ ರಿವಾಲ್ವರಿನದ್ದೂ ಅದೇ ಕತೆ. ತಾಮ್ರ ಬಿಡುವುದು ತಾಮ್ರದ ಕವಚ ಇರುವ ಅಥವಾ ತಾಮ್ರದಲ್ಲೇ ಮಾಡಿದ ಗುಂಡು ಮಾತ್ರ.

ನಿಜವಾಗಿ ತಾಮ್ರ ಇದ್ದರೆ ಬಿಚ್ಚಿ ಹೊರತೆಗೆದ ಬ್ಯಾರಲ್ಲಿಗೆ ಬಾಯಿ ಕಡೆಯಿಂದ ಬೆಳಕು ಹಿಡಿದಾಗ ಲ್ಯಾಂಡಿನ ಮೇಲೆ ಕೆಂಪು ಮಿಶ್ರಿತ ಚಿನ್ನದ ಬಣ್ಣದ ಪಟ್ಟಿ ಕಾಣುತ್ತದೆ. ತೆಳುವಾಗಿದ್ದರೆ ಬಿಟ್ಟುಬಿಡಿ, ಪಿಸ್ತೂಲಿಗೆ ಅದರಿಂದ ಏನೂ ಆಗುವುದಿಲ್ಲ. ದಪ್ಪ ಕೂತಿದ್ದರೆ ಮನೆಯಲ್ಲೇ ಆಗುತ್ತದೆ. ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ಚೇಂಬರ್ ಕಣ್ಣಲ್ಲೂ ಬೆರಳಲ್ಲೂ ನೋಡಿಯೇ ಬ್ಯಾರಲ್ ಬಿಚ್ಚಿ. ಮೊದಲು ಮದ್ದಿನ ಮಸಿ ಹೋಗಬೇಕು. ಮಸಿ ತೆಗೆಯುವ ಮಾಮೂಲಿ ಬೋರ್ ಸಾಲ್ವೆಂಟ್, ಕಂಚಿನ ಬ್ರಷ್, ಚೇಂಬರ್ ಕಡೆಯಿಂದ ಎಂಟು ಹತ್ತು ಸಲ, ಆಮೇಲೆ ಒಣ ಬಟ್ಟೆ. ಮಸಿಯ ಕೆಳಗೆ ತಾಮ್ರ ಅಡಗಿದ್ದರೆ ಅಮೋನಿಯ ಅದನ್ನು ಮುಟ್ಟುವುದೇ ಇಲ್ಲ. ನಂತರ ಕಂಚಿನದ್ದು ಪಕ್ಕಕ್ಕಿಟ್ಟು ನೈಲಾನ್ ಬ್ರಷ್, ಪ್ಲಾಸ್ಟಿಕ್ ಜ್ಯಾಗ್. ತಾಮ್ರ ತೆಗೆಯುವ ಅಮೋನಿಯ ಸಾಲ್ವೆಂಟ್ ಹಚ್ಚಿ ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ರಾತ್ರಿಯಿಡೀ ನೆನೆಸಿಟ್ಟರೆ ಉಕ್ಕಿಗೇ ಕುತ್ತು. ಅಮೋನಿಯ ಇಲ್ಲದ ನೊರೆ ಕ್ಲೀನರ್ ಆದರೆ ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಡಬಹುದು. ಈಗ ಬಂದ ನೀಲಿ ಬ್ಯಾರಲ್‌ನದ್ದೇ. ಒಣ ಬಟ್ಟೆ ತಳ್ಳಿ, ಮತ್ತೆ ಹಚ್ಚಿ. ನೀಲಿ ನಿಂತು ತಾಮ್ರ ಇನ್ನೂ ಕಾಣುತ್ತಿದ್ದರೆ ನಡುವೆ ಮಸಿಯ ಪದರ ಇದೆ ಅಂತ ಅರ್ಥ, ಮತ್ತೆ ಮೊದಲಿನ ಸಾಲ್ವೆಂಟಿಗೆ ಹೋಗಿ. ಎರಡು ಸಾಲ್ವೆಂಟ್ ಒಟ್ಟಿಗೆ ಬೆರೆಸಬೇಡಿ. ಕಿಟಕಿ ತೆರೆದಿರಲಿ. ನಿಕಲ್ ಲೇಪದ ಪಿಸ್ತೂಲಿಗೆ ಅಮೋನಿಯ ಬೇಡ, ಲೇಪದ ಕೆಳಗೆ ತಾಮ್ರದ ಪದರ ಇದ್ದರೆ ನಿಕಲ್ ಎದ್ದು ಬರುತ್ತದೆ. ಟಾಯ್ಲೆಟ್ ಆಸಿಡ್, ವಿನಿಗರ್ ಅಂತ ಯಾರಾದರೂ ಹೇಳಿದರೆ ಅವರ ಪಿಸ್ತೂಲಿಗೇ ಹಾಕಿಕೊಳ್ಳಲಿ. ಮುಗಿದ ಮೇಲೆ ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ, ತೆಳ್ಳಗೆ ಎಣ್ಣೆ. ಚರ್ಮದ ಕವಚದಲ್ಲಿ ತುರುಕಿ ಇಡಬೇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ತೇವ ಹೀರಿ ಕೂರುತ್ತದೆ.

ಕೊಟ್ಟ ದುಡ್ಡು ವಾಪಸ್ ಬಂದಿಲ್ಲ. ಈಗ ಫೋನ್ ಎತ್ತುವುದಿಲ್ಲ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ಮತ್ತೆ ಬರುತ್ತಾನೆ, ಇನ್ನೊಂದು ಹೋಬಳಿಯಲ್ಲಿ. ಈಗಾಗಲೇ ಅವನ ಹತ್ತಿರ ಕೊಟ್ಟಿರುವವರು ಇದ್ದರೆ ಇವತ್ತೇ ಹೋಗಿ ತನ್ನಿ. ತರುವಾಗ ಅಲ್ಲೇ ಬಿಚ್ಚಿಸಿ, ಫ್ರೇಮ್, ಸ್ಲೈಡ್, ಬ್ಯಾರಲ್ ಮೇಲೆ ಎಲ್ಲೆಲ್ಲಿ ನಂಬರ್ ಇದೆಯೋ ನಿಮ್ಮ ಕಾಗದದ ಜೊತೆ ತಾಳೆ ನೋಡಿ. ಬ್ಯಾರಲ್ ವ್ಯವಸ್ಥೆ ಇದೆ ಅನ್ನುವವನಿಗೆ ಆ ಬ್ಯಾರಲ್‌ಗಳು ಎಲ್ಲಿಂದ ಬರುತ್ತವೆ ಅಂತ ನನಗಂತೂ ಅನುಮಾನ.