ಪಾಠದ ವಿಡಿಯೊ ಯೂಟ್ಯೂಬಿಗೆ ಏರಿಸುವ ಮೇಷ್ಟ್ರೇ, ಒಂದ್ನಿಮಿಷ

ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ಮೇಲ್ ಬಂತು. ಚಾನೆಲ್ ರದ್ದು. ಲಾಕ್‌ಡೌನ್‌ನಲ್ಲಿ ಶುರು ಮಾಡಿದ್ದು, ಹತ್ತನೇ ತರಗತಿ ವಿಜ್ಞಾನದ 140 ವಿಡಿಯೊ. ಫೋನಿನಲ್ಲಿ ಜಾಗ ಸಾಲದೆ, ಏರಿಸಿದ ಕೂಡಲೇ ಮೂಲ ಫೈಲು ಅಳಿಸುತ್ತಿದ್ದೆ. ಹಾಗಾಗಿ ಸ್ವಂತದ್ದೂ ಹೋಯಿತು.

ಮಾಡಿದ್ದೇನು? ಹೃದಯ, ಮೂತ್ರಪಿಂಡ, ಮೆದುಳಿನ ಪಾಠಕ್ಕೆ ಖಾಸಗಿ ಕಂಪನಿಯೊಂದರ ಇಂಗ್ಲಿಷ್ ಅನಿಮೇಷನ್ ಇಳಿಸಿಕೊಂಡು, ಅವರ ದನಿ ತೆಗೆದು ಕನ್ನಡದಲ್ಲಿ ನಾನು ಮಾತಾಡಿದೆ. ಮೂಲೆಯಲ್ಲಿದ್ದ ಅವರ ಲೋಗೊ ಮೇಲೆ ನಮ್ಮ ಶಾಲೆಯ ಲಾಂಛನ ಕೂರಿಸಿದೆ. ಈಗ ಬರೆಯಲು ನಾಚಿಕೆ, ಆಗ ಅದು ಜಾಣತನ. ದನಿ ನಂದು, ದುಡ್ಡೂ ಬರ್ತಿಲ್ಲ, ಇನ್ನೇನು? ಕೆಳಗೆ 'ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ' ಅಂತ ಬೇರೆ ಹಾಕಿದ್ದೆ. ಆ ಸಾಲಿಗೆ ಮೂರು ಕಾಸಿನ ಬೆಲೆಯಿಲ್ಲ. ಅನುವಾದದ ಹಕ್ಕೂ ಮೂಲದವರದೇ.

ಸ್ಟಾಫ್‌ರೂಮಿನಲ್ಲಿ ಧೈರ್ಯ ಕೊಟ್ಟಿದ್ದು 2016ರ ದೆಹಲಿ ಹೈಕೋರ್ಟ್ ತೀರ್ಪು, ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಕೇಸು. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಪ್ರಕಾರ ಬೋಧನೆಗಾಗಿ ಶಿಕ್ಷಕರೂ ವಿದ್ಯಾರ್ಥಿಗಳೂ ಪ್ರತಿ ಮಾಡಿಕೊಳ್ಳಬಹುದು. ನಿಜವೇ. ಆದರೆ ಆ ಕೇಸು ಅಲ್ಲಿನ ವಿದ್ಯಾರ್ಥಿಗಳು ಓದಲೆಂದು ಪುಸ್ತಕದ ಪುಟಗಳನ್ನು ಜೆರಾಕ್ಸ್ ಮಾಡಿ ಕೊಟ್ಟ ಕಟ್ಟಿನದು, ಊರಿಗೆಲ್ಲ ಬಾಗಿಲು ತೆರೆದಿಟ್ಟ ಚಾನೆಲ್ಲಿನದಲ್ಲ. ಅದೇ ಅನಿಮೇಷನ್ನು ಸ್ಮಾರ್ಟ್‌ಬೋರ್ಡಿನಲ್ಲಿ ನನ್ನ 38 ಮಕ್ಕಳಿಗೆ ತೋರಿಸಿ ಸುಮ್ಮನಿದ್ದಿದ್ದರೆ ಈ ಗತಿ ಬರುತ್ತಿರಲಿಲ್ಲ.

ಯೂಟ್ಯೂಬಿನಲ್ಲಿ 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ (ಹಕ್ಕುದಾರರ ದೂರಿನ ಮೇಲೆ ವಿಡಿಯೊ ತೆಗೆದು ಕೊಡುವ ಎಚ್ಚರಿಕೆ) ಬಿದ್ದರೆ ಆಟ ಮುಗಿಯಿತು. ಮೊದಲನೆಯದು ಬಿದ್ದಾಗ ಹೋದ ವಿಡಿಯೊ ಹೋಯ್ತು ಅಂದುಕೊಂಡೆ. ಅದೇ ಕಂಪನಿಯ ತುಣುಕಿದ್ದ ಇನ್ನೂ ಹನ್ನೊಂದನ್ನು ಆ ರಾತ್ರಿಯೇ ಕಿತ್ತುಹಾಕಬೇಕಿತ್ತು.

ಬುದ್ಧಿ ಬಂತು ಅಂತ ಮುಕ್ತ ಪರವಾನಗಿಯ, ಅಂದರೆ ಷರತ್ತು ಪಾಲಿಸಿ ಯಾರೂ ಬಳಸಬಹುದಾದ ಚಿತ್ರ, ಕಥೆಗಳ ಕಡೆ ಹೊರಳಿದೆ. ಅಲ್ಲೂ ಎಡವಿದೆ. ವಿಕಿಮೀಡಿಯ ಕಾಮನ್ಸ್‌ನ ಮಂಗಟ್ಟೆ ಹಕ್ಕಿಯ ಫೋಟೊ ನೋಟ್ಸಿಗೆ ಹಾಕಿ, ತೆಗೆದವರ ಹೆಸರು ಬಿಟ್ಟೆ. ಅವರೇ ಬರೆದು ಕೇಳಿದರು. ಆ ಫೋಟೊಗಿದ್ದ ಮುಕ್ತ ಪರವಾನಗಿ ಕ್ರಿಯೇಟಿವ್ ಕಾಮನ್ಸ್ (ಸಿಸಿ) 4.0ರಲ್ಲಿ, ತಪ್ಪು ತಿಳಿದ 30 ದಿನದೊಳಗೆ ಸರಿಪಡಿಸಿದರೆ ಬಳಸುವ ಹಕ್ಕು ತಾನಾಗಿ ಮರಳುತ್ತದೆ. ಅಷ್ಟರಿಂದ ಬಚಾವಾದೆ. ಹೆಸರು, ಪರವಾನಗಿ, ಕೊಂಡಿ, ಮೂರನ್ನೂ ಚಿತ್ರದ ಕೆಳಗೇ ಹಾಕಿ. ಪರವಾನಗಿಯಲ್ಲಿ 'ಎನ್‌ಡಿ' (ಬದಲಾವಣೆ ಕೂಡದು) ಅಂತಿದ್ದರೆ ಡಬ್ ಮಾಡಿ ಹಂಚುವಂತಿಲ್ಲ. 'ಎನ್‌ಸಿ' (ವ್ಯಾಪಾರ ಕೂಡದು) ಇದ್ದರೆ ಆ ನೋಟ್ಸನ್ನು ಮೂವತ್ತು ರೂಪಾಯಿಗೆ ಮಾರುವಂತಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಕಥೆಗಳು 'ಸಿಸಿ ಬೈ', ಹೆಸರು ಹೇಳಿ ಅನುವಾದಿಸಬಹುದು.

ಕನ್ನಡ ಮೇಷ್ಟ್ರಿಗೂ ಒಂದು ಮಾತು. ನಮ್ಮಲ್ಲಿ ಕವಿ ತೀರಿದ ಮೇಲೂ 60 ವರ್ಷ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು ತೀರಿದ್ದು 1937ರಲ್ಲಿ, ಧಾರಾಳವಾಗಿ ಹಾಡಿ ಹಾಕಿ. ಕುವೆಂಪು ತೀರಿದ್ದು 1994ರಲ್ಲಿ, ಅಂದರೆ 2054ರ ಕೊನೆಯವರೆಗೆ ಕಾಯಬೇಕು.

ಹೊಸ ಚಾನೆಲ್ಲಿಗೆ ಈಗ ಕರಿಹಲಗೆ, ಬಣ್ಣದ ಸೀಮೆಸುಣ್ಣವೇ ಗತಿ. ಒಂಬತ್ತು ಪಾಠ ಆಗಿದೆ, ಪ್ರತಿ ಫೈಲೂ ಎರಡು ಪೆನ್‌ಡ್ರೈವಿನಲ್ಲಿದೆ. ಮೊನ್ನೆ ಮೂತ್ರಪಿಂಡ ಬರೆದಾಗ ಹಿಂದಿನ ಬೆಂಚಿನವನೊಬ್ಬ ಕೇಳಿದ: "ಸಾರ್, ಗೋಡಂಬಿಗೆ ಪೈಪು ಯಾಕೆ?"